ಶೋಕೇಸಿನ ಅಳತೆ

ಟಿವಿ ಅಂಗಡಿಗಳಲ್ಲಿ ಯಾವಾಗಲೂ ಗಿಣಿಗಳಿರುತ್ತವೆ. ಗಿಣಿ ಇಲ್ಲದಿದ್ದರೆ ಬಿಡಿಸಿದ ದಾಳಿಂಬೆ. ಅದೂ ಇಲ್ಲದಿದ್ದರೆ ಒಂದು ಎಲೆ, ಎಲೆಯ ಮೇಲೆ ನಿಧಾನಕ್ಕೆ ಜಾರುವ ಒಂದು ಹನಿ ನೀರು. ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಬಿಸಿಲಲ್ಲಿ ತಿರುಗಾಡಿ, ಬೆವರು ಒರೆಸಿಕೊಳ್ಳುತ್ತ ಏಸಿ ಅಂಗಡಿಯೊಳಗೆ ಕಾಲಿಟ್ಟವನಿಗೆ ಆ ನೀರಿನ ಹನಿ ಕಂಡರೆ ಸಾಕು, ಜೇಬಿನ ಮೇಲಿನ ಹಿಡಿತ ಸಡಿಲಾಗುತ್ತದೆ. ಟಿವಿ ತಗೊಂಡರೆ ಗಿಣಿಯೂ ಮನೆಗೆ ಬರುತ್ತದೆ ಅನಿಸಿಬಿಡುತ್ತದೆ.

ಬರುವುದಿಲ್ಲ. ಮನೆಗೆ ಬರುವುದು ಸುದ್ದಿ ಚಾನೆಲ್ಲು. ಕೆಳಗೆ ಎರಡು ಪಟ್ಟಿ ಓಡುತ್ತಿರುತ್ತವೆ, ಪಕ್ಕದಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು, ನಡುವೆ ಉಳಿದ ಜಾಗದಲ್ಲಿ ನಾಲ್ಕು ಮಂದಿ ಒಟ್ಟಿಗೆ ಕೂಗುತ್ತಿರುತ್ತಾರೆ. ಅಂಗಡಿಯವರು ಟಿವಿ ತೋರಿಸುವಾಗ ಇದನ್ನು ಹಾಕಿ ತೋರಿಸಬೇಕು, ಅಲ್ವಾ? ನಾನು ಕೇಳಿಯೇ ಬಿಟ್ಟೆ. "ತಮ್ಮಾ, ಈ ಗಿಣಿ ತೆಗಿ. ಕೇಬಲ್ ಹಚ್ಚು, ನೋಡೋಣ."

"ಕೇಬಲ್ ಇಲ್ರಿ ಸರ, ಪೆನ್‌ಡ್ರೈವ್ ಅದ."

"ಕನ್ನಡ ಚಾನೆಲ್ ಯಾವ್ದೂ ಬರಂಗಿಲ್ಲೇನು?"

"ಮನ್ಯಾಗ ಬರ್ತಾವ್ರಿ."

ನಮ್ಮ ಮನೆಯ ಟಿವಿ ಕೈಕೊಟ್ಟ ಮೇಲೆ ಈ ವಿಚಾರಣೆ ಶುರುವಾಯಿತು. ದನಿ ಬರುತ್ತದೆ, ಚಿತ್ರ ಬರುವುದಿಲ್ಲ. "ಮಾತ ಬರ್ತದ, ಮಾರಿ ಕಾಣಂಗಿಲ್ಲ" ಅಂತ ಅವ್ವ ರೋಗವನ್ನು ಸರಿಯಾಗಿಯೇ ಹೇಳಿದಳು. ರಿಪೇರಿಯವನು ಬಂದು, ದೀಪ ಆರಿಸಿ, ಪರದೆಯ ಮೇಲೆ ಟಾರ್ಚ್ ಬಿಟ್ಟು ನೋಡಿದ. ಒಳಗೆ ಮಬ್ಬಾಗಿ ಚಿತ್ರ ಓಡುತ್ತಿತ್ತು. ಪರದೆಯ ಹಿಂದಿರುವ ಸಣ್ಣ ಎಲ್‌ಇಡಿ ದೀಪಗಳ ಪಟ್ಟಿ ಸುಟ್ಟಿದೆ ಅಂದ. ಪಟ್ಟಿ ಹೋದರೆ ಹೊಸದು ಹಾಕಬಹುದು. ಪರದೆಯೇ ಹೋದರೆ ಮಾತ್ರ ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರಕ್ಕೆ ಬರುತ್ತದೆ. ನಮ್ಮದು ಪಟ್ಟಿಯ ರೋಗವೇ, ಆದರೆ ಇದಕ್ಕೆ ಮೊದಲೂ ಒಮ್ಮೆ ಪಟ್ಟಿ ಹಾಕಿಸಿದ್ದಾಗಿತ್ತು. ಸಾಕು ಅಂತ ತೀರ್ಮಾನವಾಯಿತು. ಹೊಸದು ತರುವುದು, ಜಾಸ್ತಿ ಖರ್ಚು ಮಾಡದೆ ತರುವುದು.

ಇಲ್ಲಿಂದ ಮನೆ ಎರಡು ಪಕ್ಷವಾಯಿತು. ನನ್ನದು 32 ಇಂಚಿನ, ಹತ್ತು-ಹನ್ನೆರಡು ಸಾವಿರದ ಎಚ್‌ಡಿ ರೆಡಿ ಪಕ್ಷ. ಮಗನದು 43 ಇಂಚಿನ 4ಕೆ ಪಕ್ಷ. ಅವನ ಕೈಯಲ್ಲಿ ದಾಖಲೆಗಳಿದ್ದವು. "ಅಪ್ಪಾ, ಮೊದಲ 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲಾದಕ್ಕೂ 18." ಮಾತು ನಿಜ. ಆದರೆ ತೆರಿಗೆ ಇಳಿದದ್ದು ಟಿವಿಗೆ, ನನ್ನ ಸಂಬಳ ಏರಿಲ್ಲವಲ್ಲ.

ಎಚ್‌ಡಿ ರೆಡಿ ಅಂದರೆ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ, ಅಂದರೆ ಪಿಕ್ಸೆಲ್. ಒಟ್ಟು ಹತ್ತೂವರೆ ಲಕ್ಷದ ಹತ್ತಿರ. ಫುಲ್ ಎಚ್‌ಡಿಯಲ್ಲಿ 1920ಕ್ಕೆ 1080, ಅಂದರೆ ಇಪ್ಪತ್ತು ಲಕ್ಷ ದಾಟುತ್ತದೆ. 4ಕೆಯಲ್ಲಿ ಎಂಬತ್ತೆರಡು ಲಕ್ಷಕ್ಕೂ ಜಾಸ್ತಿ. ಕಾಗದದ ಮೇಲೆ ನೋಡಿದರೆ ನನ್ನ ಪಕ್ಷಕ್ಕೆ ಠೇವಣಿಯೂ ಉಳಿಯುವುದಿಲ್ಲ. ಆದರೆ ಟಿವಿಯನ್ನು ಕಾಗದದ ಮೇಲೆ ನೋಡುವುದಿಲ್ಲ, ಕಣ್ಣಿನಿಂದ ನೋಡುತ್ತೇವೆ. ಕಣ್ಣಿಗೂ ಒಂದು ಮಿತಿ ಇದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣದು ಸಾಮಾನ್ಯವಾಗಿ ಆರೋಗ್ಯವಾದ ಕಣ್ಣಿಗೂ ಬಿಡಿಬಿಡಿಯಾಗಿ ಕಾಣುವುದಿಲ್ಲ. ಈ ಲೆಕ್ಕ ಹಿಡಿದು ಗುಣಿಸಿದರೆ, 32 ಇಂಚಿನ ಎಚ್‌ಡಿ ರೆಡಿ ಪರದೆಯ ಚುಕ್ಕಿಗಳು ಸುಮಾರು ಆರು ಅಡಿ ದೂರಕ್ಕೆ ಒಂದರಲ್ಲೊಂದು ಸೇರಿಹೋಗುತ್ತವೆ. ಅಷ್ಟೇ ಅಗಲದ ಫುಲ್ ಎಚ್‌ಡಿಯ ಚುಕ್ಕಿಗಳು ನಾಲ್ಕು ಅಡಿಗೇ ಸೇರುತ್ತವೆ. ಅಂದಮೇಲೆ ಆರು ಅಡಿ ಆಚೆ ಕೂತವನಿಗೆ ಎರಡೂ ಒಂದೇ. ಹೆಚ್ಚಿನ ಹತ್ತು ಲಕ್ಷ ಚುಕ್ಕಿ ಅವನ ಪಾಲಿಗೆ ಇದ್ದೂ ಇಲ್ಲ.

ಈಗ ನಮ್ಮ ಪಡಸಾಲೆಗೆ ಬರೋಣ. ಅವ್ವನ ಮಂಚ ಎದುರು ಗೋಡೆಗೆ, ಟಿವಿಯಿಂದ ಹತ್ತು ಅಡಿ ದೂರ. ಅವಳಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ನಾನು ಅವಳ ಮಂಚದ ತುದಿಗೆ ಕೂರುವವನು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ. ಆರು ಅಡಿಯ ಒಳಗೆ ಇರುವವನು ಒಬ್ಬನೇ, ಮಗರಾಯ. ಅವನು ಬೇಸಿಗೆಯಲ್ಲಿ ತಲೆದಿಂಬು ಹಾಕಿಕೊಂಡು ಟಿವಿಯ ಬುಡಕ್ಕೇ ಫರ್ಸಿಯ ಮೇಲೆ ಮಲಗುತ್ತಾನೆ. ನಮ್ಮ ಕಡೆ ಮನೆಗಳ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಮೇ ತಿಂಗಳಲ್ಲಿ ಆ ಕಲ್ಲಿನ ತಂಪು ಬಿಟ್ಟು ಏಳುವುದು ಯಾರಿಗೂ ಕಷ್ಟ. ಅಂದರೆ ಫುಲ್ ಎಚ್‌ಡಿಯ ಸುಖ ಅನುಭವಿಸುವ ಅರ್ಹತೆ ಇರುವ ಒಂದೇ ಜೀವ ಅವನು. ಅವನನ್ನು ನಾಲ್ಕು ಅಡಿ ಹಿಂದಕ್ಕೆ ಎಳೆದರೆ ನಮಗೆ ಕೆಲವು ಸಾವಿರ ರೂಪಾಯಿ ಉಳಿಯುತ್ತದೆ. ಇದನ್ನು ಹೇಳಿದಾಗ ಅವನು ನಗಲಿಲ್ಲ.

ಇನ್ನು ಈ ಟಿವಿಗೆ ನಾವು ತಿನ್ನಿಸುವುದಾದರೂ ಏನು? ಸಾದಾ ಕೇಬಲ್ ಚಿತ್ರದಲ್ಲಿ ಇರುವುದು 720ಕ್ಕೆ 576 ಚುಕ್ಕಿ, ನಾಲ್ಕು ಲಕ್ಷ ಚಿಲ್ಲರೆ. ಅದನ್ನು ಎಂಬತ್ತೆರಡು ಲಕ್ಷದ ಪರದೆಗೆ ಎಳೆದು ಹಾಸಿದರೆ ಒಂದು ಹಿಡಿ ಹಿಟ್ಟಿನಲ್ಲಿ ಹೆಂಚು ತುಂಬ ರೊಟ್ಟಿ ಬಡಿದ ಹಾಗೆ. ಉದಯ, ಜೀ ಕನ್ನಡ, ಕಲರ್ಸ್, ಸುವರ್ಣ ಚಾನೆಲ್‌ಗಳಿಗೆ ಎಚ್‌ಡಿ ರೂಪ ಇದೆ, ಒಪ್ಪಿದೆ. ಆದರೆ ಅದಕ್ಕೆ ಎಚ್‌ಡಿ ಬಾಕ್ಸ್ ಬೇಕು, ಎಚ್‌ಡಿಎಂಐ ವೈರ್ ಬೇಕು. 2019ರಲ್ಲಿ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ, ತಿಂಗಳ ಮೂಲ ಶುಲ್ಕಕ್ಕೆ ಸಿಗುವ ಚಾನೆಲ್‌ಗಳ ಲೆಕ್ಕಕ್ಕೆ ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಸಾದಾ ಚಾನೆಲ್ ಅಂತ ಎಣಿಸಿದರು. ಅದರ ಬೆಲೆಯೂ ಬೇರೆ. ಹೊಸ ಎಚ್‌ಡಿ ಟಿವಿ ತಂದು, ಹಳೆಯ ಬಾಕ್ಸಿನ ಕೆಂಪು-ಬಿಳಿ-ಹಳದಿ ವೈರನ್ನೇ ಚುಚ್ಚಿ, ಚೌಕದ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿ ನೋಡುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಅಲ್ಲಿ ಎಲ್ಲ ನಾಯಕಿಯರೂ ಮೈ ಕೈ ತುಂಬಿಕೊಂಡು ಚಲೋ ಕಾಣುತ್ತಾರೆ. ಯಾರೂ ದೂರು ಹೇಳಿಲ್ಲ.

ಚುಕ್ಕಿಯ ಜಗಳದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ನನ್ನ ಹೆಂಡತಿಯದು. ಅವಳು ಸಂಜೆಯ ಧಾರಾವಾಹಿಯನ್ನು ರೊಟ್ಟಿ ಬಡಿಯುತ್ತಲೇ ನೋಡುವವಳು, ಬಾಗಿಲ ಓರೆಯಿಂದ. "ಅಡ್ಡ ನಿಂತ್ರ ಬಣ್ಣ ಹೋಗ್ತದಲ್ರಿ, ಸೊಸಿ ಅಳ್ಲಿಕತ್ತಾಳೋ ನಗ್ಲಿಕತ್ತಾಳೋ ತಿಳಿಯಂಗಿಲ್ಲ" ಅಂದಳು. ಅಗ್ಗದ ಟಿವಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಪರದೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಐಪಿಎಸ್ ಪರದೆ ಓರೆಯಿಂದಲೂ ಬಣ್ಣ ಉಳಿಸಿಕೊಳ್ಳುತ್ತದೆ, ಆದರೆ ಅದರ ಕಪ್ಪು ಸ್ವಲ್ಪ ಬೂದು. ವಿಎ ಪರದೆಯ ಕಪ್ಪು ಗಟ್ಟಿ ಕಪ್ಪು, ಆದರೆ ಎದುರಿಗೆ ಕೂತವನಿಗಷ್ಟೇ ಅದು ನಿಷ್ಠೆ. ಪಕ್ಕಕ್ಕೆ ಹೋದರೆ ಬಿಳಚಿಕೊಳ್ಳುತ್ತದೆ. ಒಬ್ಬನೇ ಎದುರು ಕೂತು ರಾತ್ರಿ ಸಿನಿಮಾ ನೋಡುವವನಿಗೆ ವಿಎ ಸರಿ. ಮಂಚದಲ್ಲೊಬ್ಬರು, ಬಾಗಿಲಲ್ಲೊಬ್ಬರು, ಕಟ್ಟೆಯ ಕಿಟಕಿಯಿಂದ ಇಣುಕುವ ಪಕ್ಕದ ಮನೆ ಕಾಕಾ ಒಬ್ಬರು ಇರುವ ಮನೆಗೆ ಐಪಿಎಸ್ಸೇ. ಹೆಸರು ನೆನಪಿಡುವುದೂ ಬೇಡ. ಅಂಗಡಿಯಲ್ಲಿ ಪಕ್ಕಕ್ಕೆ ನಿಂತು ನೋಡಿದರೆ ಮುಗಿಯಿತು.

ಎರಡನೆಯದು ದನಿ. ಈಗಿನ ಟಿವಿ ತೆಳ್ಳಗಾದಷ್ಟೂ ಅದರ ಸ್ಪೀಕರಿಗೆ ಜಾಗ ಇಲ್ಲ. ಹೆಚ್ಚಿನವು ನೆಲದ ಕಡೆ ಮುಖ ಮಾಡಿ ಮಾತಾಡುತ್ತವೆ, ತಪ್ಪು ಮಾಡಿದ ಹುಡುಗರಂತೆ ಅಂತ ಬರೆಯುವ ಆಸೆ ಇದೆ, ಬಿಡಿ. ಏಸಿ ಅಂಗಡಿಯ ಸದ್ದಿಲ್ಲದ ಗಾಳಿಯಲ್ಲಿ ಈ ದನಿ ಸಾಕಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಸಾಕಾಗುವುದಿಲ್ಲ. ಬಿಸಿಲು ನಲವತ್ತೆರಡು ಡಿಗ್ರಿ ದಾಟಿದ ದಿನ ಮೇಲೆ ಫ್ಯಾನು, ಪಕ್ಕದಲ್ಲಿ ಕೂಲರ್. ಕೂಲರ್ ಶುರುವಾದರೆ ಎದುರಿನವರ ಮಾತೇ ಕೇಳುವುದಿಲ್ಲ, ಧಾರಾವಾಹಿಯ ಪಿಸುಮಾತು ಎಲ್ಲಿಂದ ಕೇಳಬೇಕು? ಹಾಗಾಗಿ ಚುಕ್ಕಿಗೆ ಕೊಡುವ ದುಡ್ಡಿನಲ್ಲಿ ಒಂದು ಸಣ್ಣ ಸ್ಪೀಕರ್ ತಂದರೆ ಮನೆಮಂದಿಗೆಲ್ಲ ಉಪಯೋಗ.

ಡಬ್ಬಿಯ ಮೇಲಿನ ಉಳಿದ ಸ್ಟಿಕ್ಕರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಚ್‌ಡಿಆರ್ ಅಂತ ಬರೆದಿರುತ್ತಾರೆ, ಬೆಳಕು-ಕತ್ತಲೆಯ ಅಂತರವನ್ನು ಎದ್ದು ತೋರಿಸುವ ತಂತ್ರ. ಅದು ಚೆಂದ ಕಾಣಬೇಕಾದರೆ ಪರದೆಗೆ ಒಳ್ಳೆಯ ಬೆಳಕು ಬೇಕು, ಅಗ್ಗದ ಪರದೆಗೆ ಅಷ್ಟು ಬೆಳಕಿಲ್ಲ. ಸ್ಮಾರ್ಟ್ ಅಂತಾರೆ. ಒಂದು ಜಿಬಿ ರ‍್ಯಾಮ್, ಎಂಟು ಜಿಬಿ ಜಾಗ. ಎರಡು ವರ್ಷಕ್ಕೆ ರಿಮೋಟ್ ಒತ್ತಿ ಚಹಾ ಕುಡಿದು ಬರಬಹುದು. ಪರದೆಗಿಂತ ಮೊದಲು ಮುದಿಯಾಗುವುದು ಈ ಬುದ್ಧಿಯ ಭಾಗವೇ. ಆಗ ಎಚ್‌ಡಿಎಂಐ ತೂತಿಗೆ ಇಂಟರ್ನೆಟ್ಟಿನಿಂದ ಚಿತ್ರ ತರುವ ಒಂದು ಸ್ಟ್ರೀಮಿಂಗ್ ಕಡ್ಡಿ ಚುಚ್ಚಿಕೊಂಡರೆ ಆಯ್ತು. ಸ್ಟೆಬಿಲೈಜರ್ ಬೇಕೇ ಅಂತ ಕೇಳುವವರಿಗೆ, ಈಗಿನ ಬಹುತೇಕ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಸಿಡಿಲನ್ನು ತಡೆದುಕೊಳ್ಳುವುದಿಲ್ಲ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಪ್ಲಗ್ಗನ್ನೂ ಡಿಶ್ ವೈರನ್ನೂ ಕಿತ್ತಿಡುವುದೇ ಮದ್ದು.

ಚುಕ್ಕಿಯ ಮಾತು ಎತ್ತಿದಾಗೆಲ್ಲ ಅವ್ವ ಒಂದು ಕಥೆ ತೆಗೆಯುತ್ತಾಳೆ. ಈ ಕಥೆಗೆ ಇತಿಹಾಸದ ಆಧಾರವಿದೆ, ಅದೂ ದೊಡ್ಡದು. 1975ರ ಆಗಸ್ಟ್ ಒಂದರಿಂದ ಒಂದು ವರ್ಷ ಇಸ್ರೋದವರು ಅಮೆರಿಕದ ನಾಸಾದಿಂದ ಎಟಿಎಸ್-6 ಅನ್ನುವ ಉಪಗ್ರಹವನ್ನು ಬಳಸಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಸೈಟ್ ಪ್ರಯೋಗ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿಯೂ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ರಾಜ್ಯದಲ್ಲೇ ಮೊದಲನೆಯದು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಎಲ್ಲದರಲ್ಲೂ ನಮ್ಮ ಭಾಗ ಕೊನೆಗೆ ಅಂತ ಹೇಳಿ ಹೇಳಿ ನಮಗೇ ರೂಢಿಯಾಗಿದೆ. ಟಿವಿಯಲ್ಲಿ ಮಾತ್ರ ಬೆಂಗಳೂರಿನವರು ನಮ್ಮ ಹಿಂದೆ. ಇದನ್ನು ನಾನು ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳಿದ್ದೇನೆ.

ಕೋಳಿ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ, ಕಪ್ಪು-ಬಿಳುಪು ಪೆಟ್ಟಿಗೆ, ಮುಂದೆ ಇಡೀ ಊರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಹಾಡು, ನಾಟಕ. ಅವ್ವ ಆಗ ಹೊಸದಾಗಿ ಮದುವೆಯಾಗಿ ಊರಿಗೆ ಬಂದವಳು, ಹೆಣ್ಣುಮಕ್ಕಳ ಸಾಲಿನಲ್ಲಿ ಕೊನೆಗೆ ಕೂತು ನೋಡಿದ್ದಾಳೆ. "ಮಂದಿ ತೆಲಿ ನಡುವ ಇಷ್ಟೇ ಇಷ್ಟು ಕಾಣ್ತಿತ್ತು" ಅಂತ ಬೆರಳಲ್ಲಿ ತೋರಿಸುತ್ತಾಳೆ. ಏನು ನೋಡಿದಿ ಅಂದರೆ ಎತ್ತಿನ ಕಾಲುಬಾಯಿ ಬೇನೆಗೆ ಏನು ಮಾಡಬೇಕು ಅನ್ನುವುದರಿಂದ ಹಿಡಿದು ಒಂದು ಹಾಡಿನವರೆಗೆ ಹೇಳುತ್ತಾಳೆ. ನಿನ್ನೆ ಸಂಜೆಯ ಧಾರಾವಾಹಿಯಲ್ಲಿ ಏನಾಯಿತು ಅಂದರೆ ಅವಳಿಗೆ ನೆನಪಿಲ್ಲ. "ಎಲ್ಲಾ ದಿನ ಅದೇ ಅದಲ್ಲೋ" ಅಂತಾಳೆ.

ಮಗ ಇದಕ್ಕೂ ಉತ್ತರ ಇಟ್ಟಿದ್ದ. "ಅದಕ್ಕೇ ಅಜ್ಜಿ, ದೊಡ್ಡದು ತರೋಣಂತ. ಹಿಂದ ಕುಂತವ್ರಿಗೂ ಕಾಣ್ತದ." ಇದು ನಿಜಕ್ಕೂ ಗಟ್ಟಿ ಮಾತು. ದೂರ ಕೂತವರಿಗೆ ಚುಕ್ಕಿಗಿಂತ ಅಳತೆಯೇ ಮುಖ್ಯ. ಹತ್ತು ಅಡಿ ದೂರದ ಅವ್ವನಿಗೆ 43 ಇಂಚು ನಿಜವಾಗಿ ಉಪಕಾರ. ನನ್ನ ಪಕ್ಷ ಅಲ್ಲಾಡಿತು. ಸರಿ ಅಂತ ಟೇಪು ತಂದೆ.

ತೀರ್ಪು ಕೊಟ್ಟದ್ದು ಶೋಕೇಸ್. ನಮ್ಮ ಮನೆ ಕಟ್ಟಿದ ಕಾಲದಲ್ಲಿ ಟಿವಿ ಅಂದರೆ 21 ಇಂಚಿನ ಪಿಕ್ಚರ್ ಟ್ಯೂಬ್ ಪೆಟ್ಟಿಗೆ. ಬಡಿಗೇರ ಆ ಪೆಟ್ಟಿಗೆಗೆ ಗೋಡೆಯಗಲದ ಶೋಕೇಸಿನ ನಟ್ಟನಡುವೆ ಒಂದು ಗೂಡು ಬಿಟ್ಟ. ಟಿವಿ ಅನ್ನುವುದು ಎಂದೆಂದಿಗೂ ಅಷ್ಟೇ ಇರುತ್ತದೆ ಅಂತ ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಗೂಡಿನ ಸುತ್ತ ಗಾಜಿನ ಬಾಗಿಲು. ಒಳಗೆ ಚಹಾ ಕುಡಿಯದ ಚಹಾ ಕಪ್ಪುಗಳು, ಮಗನ ಓಟದ ಬಹುಮಾನ, ಅಪ್ಪನ ಗುಡಿ (ನಮ್ಮೂರಿನ ಶರಣಬಸವೇಶ್ವರ ಗುಡಿ) ಜಾತ್ರೆಯಲ್ಲಿ ಕೊಂಡ ಗೊಂಬೆ, ಯಾರೂ ಊದದ ಒಂದು ಶಂಖ. ಗೂಡಿನ ಅಗಲ ಎರಡೂವರೆ ಅಡಿ, ಅಂದರೆ 30 ಇಂಚು. 32 ಇಂಚಿನ ಟಿವಿಯ 32 ಅನ್ನುವುದು ಮೂಲೆಯಿಂದ ಮೂಲೆಗೆ. ಅಡ್ಡಕ್ಕೆ ಅದು 29 ಇಂಚಿನ ಒಳಗೇ ಇರುತ್ತದೆ. ಸರಿಯಾಗಿ ಕೂರುತ್ತದೆ. 43 ಇಂಚಿನದು ಅಡ್ಡಕ್ಕೆ 38 ಇಂಚು.

"ಶೋಕೇಸ್ ತೆಗೆಸಿದ್ರ?" ಅಂದ ಮಗ.

ಅವ್ವ ಮಂಚದಿಂದಲೇ ಎದ್ದು ಕೂತಳು. "ಟಿವಿ ಸಲುವಾಗಿ ಸಾಗವಾನಿ ಒಡೀತೀರೇನು?"

ಪಕ್ಕದ ಗೋಡೆಗೆ ನೇತು ಹಾಕೋಣ ಅನ್ನುವ ಸಲಹೆಯೂ ಬಂತು. ಆ ಗೋಡೆಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಅಲ್ಲದೆ ಅದು ಹಳೆಯ ಕಲ್ಲಿನ ಗೋಡೆ, ಮೊಳೆ ಹೊಡೆಯಲು ಹೋದವರೆಲ್ಲ ಬೆರಳು ಜಜ್ಜಿಕೊಂಡು ವಾಪಸಾಗಿದ್ದಾರೆ. ಆದ್ದರಿಂದ 32 ಇಂಚಿನ ಎಚ್‌ಡಿ ರೆಡಿಯೇ ಸೈ. ಓರೆಯಿಂದ ಬಣ್ಣ ಉಳಿಯುವಂಥದ್ದು, ಊರಲ್ಲೇ ಸರ್ವಿಸ್ ಇರುವಂಥದ್ದು. ಉಳಿದ ದುಡ್ಡಿಗೆ ಎಚ್‌ಡಿ ಬಾಕ್ಸು, ಸಣ್ಣ ಸ್ಪೀಕರು. ತೊಗರಿ ಮಾರಿದ ಮೇಲೆ ತಂದರಾಯ್ತು ಅಂತ ನಾನು, ಈ ವಾರವೇ ಅಂತ ಅವ್ವ. ಧಾರಾವಾಹಿಯಲ್ಲಿ ಎಲ್ಲಾ ದಿನ ಅದೇ ಆದರೂ ಬಿಟ್ಟಿರಲು ಆಗುವುದಿಲ್ಲವಂತೆ.

ಮಗ ಏನೂ ಮಾತಾಡಲಿಲ್ಲ. ನನ್ನ ಕೈಯಿಂದ ಟೇಪು ಇಸಿದುಕೊಂಡು ಹೋದ. ಒಳಗಿನ ಕೋಣೆಯ ಗೋಡೆ ಅಳೆಯುತ್ತಿದ್ದಾನೆ.