767 ಪೌಂಡಿನ ವರದಿ

2016ರಲ್ಲಿ ಲಂಡನ್‌ನಿಂದ ಬಂದ ಒಂದು ಸಣ್ಣ ಸುದ್ದಿ ನನ್ನ ತಲೆಯಲ್ಲಿ ಇನ್ನೂ ಕೂತಿದೆ. ಬ್ರಿಟನ್ ಇರಾಕ್ ಯುದ್ಧಕ್ಕೆ ಇಳಿದದ್ದು ಹೇಗೆಂದು ಏಳು ವರ್ಷ ಕೆದಕಿದ ಚಿಲ್ಕಾಟ್ ಸಮಿತಿಯ ವರದಿ ಹೊರಬರುವುದರಲ್ಲಿತ್ತು. 12 ಸಂಪುಟ, 26 ಲಕ್ಷ ಪದ, ಅಚ್ಚಾದ ಪ್ರತಿಗೆ 767 ಪೌಂಡ್. ಆ ಯುದ್ಧದಲ್ಲಿ ಸತ್ತ 179 ಬ್ರಿಟಿಷ್ ಯೋಧರ ಮನೆಯವರೂ ಈ ದುಡ್ಡು ತೆರಬೇಕೆಂಬ ಮಾತು ಬಂತು. ಗದ್ದಲವೆದ್ದ ಮೇಲೆ ಅವರಿಗೆ ಪುಕ್ಕಟೆ ಎಂದಾಯಿತು. ಮಗನನ್ನು ಕೊಟ್ಟವರಿಗೆ ಪುಸ್ತಕದ ಬಿಲ್ಲು!

ಅಷ್ಟೂ ಸಂಪುಟಗಳ ಪೈಕಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು. 2002ರ ಜುಲೈ 28ರಂದು ಪ್ರಧಾನಿ ಟೋನಿ ಬ್ಲೇರ್ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್‌ಗೆ ಬರೆದ ಪತ್ರ ಶುರುವಾಗುವುದೇ ಹೀಗೆ: "ಏನೇ ಆಗಲಿ, ನಾನು ನಿಮ್ಮ ಜೊತೆಗಿರುತ್ತೇನೆ." ಬ್ರಿಟಿಷ್ ಸಂಸತ್ತು ಮತ ಹಾಕಿದ್ದು 2003ರ ಮಾರ್ಚ್ 18ರಂದು. ನಡುವಿನ ಏಳೆಂಟು ತಿಂಗಳು ವಿಶ್ವಸಂಸ್ಥೆ, ಶಸ್ತ್ರಾಸ್ತ್ರ ತಪಾಸಣೆ, ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ, 45 ನಿಮಿಷದಲ್ಲಿ ದಾಳಿ ಸಾಧ್ಯ ಎಂಬ ಸರ್ಕಾರಿ ಕಡತ. ಮುಹೂರ್ತ ಇಟ್ಟಾದ ಮೇಲೆ ಜಾತಕ ಹೊಂದಿಸಲು ಕೂತ ಹಾಗೆ. ಪತ್ರದ ಮುಂದಿನ ಭಾಗದಲ್ಲಿ ಕಷ್ಟಗಳ ಪಟ್ಟಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮಾತು ಕೊಟ್ಟ ಮೇಲೆ ಹಾಕುವ ಷರತ್ತನ್ನು ಯಾರು ಕೇಳುತ್ತಾರೆ?

"ಸಂಸತ್ತೇ 412ಕ್ಕೆ 149 ಮತಗಳಿಂದ ಒಪ್ಪಿತಲ್ಲ" ಎನ್ನುವವರಿದ್ದಾರೆ. ಒಪ್ಪಿದವರಿಗೆ ತೋರಿಸಿದ್ದೇನು? ಸರ್ಕಾರದ ಮುಖ್ಯ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಮಾರ್ಚ್ 7ರಂದು ಕೊಟ್ಟ ಕಾನೂನು ಸಲಹೆಯ ತುಂಬ ಅನುಮಾನಗಳಿದ್ದವು. ಹತ್ತೇ ದಿನದಲ್ಲಿ ಅದು ಒಂದು ಚಿಕ್ಕ ಲಿಖಿತ ಉತ್ತರವಾಗಿ ಕುಗ್ಗಿತು, ಅನುಮಾನಗಳು ಮಾಯವಾದವು. ಪೂರ್ಣ ಪಾಠವನ್ನು ಮಂತ್ರಿಮಂಡಲದ ಮುಂದೆಯೂ ಇಟ್ಟಿರಲಿಲ್ಲ.

ಗುಪ್ತಚರರೇ ದಾರಿ ತಪ್ಪಿಸಿದರು ಎಂಬ ಇನ್ನೊಂದು ಸಮಜಾಯಿಷಿಯನ್ನು ನಾನು ಒಪ್ಪದಿರುವುದಕ್ಕೆ ಕಾರಣ ರಾಬಿನ್ ಕುಕ್. ವಿದೇಶಾಂಗ ಮಂತ್ರಿಯಾಗಿದ್ದವರು, ಅದೇ ಮಂತ್ರಿಮಂಡಲದಲ್ಲಿ ಕೂತಿದ್ದವರು. ಮಾರ್ಚ್ 17ರಂದು ರಾಜೀನಾಮೆ ಕೊಟ್ಟು, ಆ ರಾತ್ರಿಯೇ ಹಿಂದಿನ ಬೆಂಚಿನಲ್ಲಿ ನಿಂತು, ಸಾಮೂಹಿಕ ವಿನಾಶದ ಅಸ್ತ್ರ ಎಂದು ಜನ ಯಾವುದನ್ನು ತಿಳಿಯುತ್ತಾರೋ ಅದು ಇರಾಕ್ ಬಳಿ ಬಹುಶಃ ಇಲ್ಲ ಎಂದರು. ಚಪ್ಪಾಳೆ ತಟ್ಟುವ ರೂಢಿಯಿಲ್ಲದ ಆ ಸದನದಲ್ಲಿ ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಮತ ಮಾತ್ರ ಯುದ್ಧಕ್ಕೇ ಬಿತ್ತು.

ಆಮೇಲೇನಾಯಿತು? 2005ರಲ್ಲಿ ಬ್ಲೇರ್ ಮತ್ತೆ ಗೆದ್ದರು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮುಂಚೆಯೇ ಯುದ್ಧಕ್ಕೆ ಹೋದಿರಿ ಎಂದು ಚಿಲ್ಕಾಟ್ ಬರೆದಾಗ ದುಃಖ ತೋಡಿಕೊಂಡರು, ತೀರ್ಮಾನ ಸರಿಯೇ ಇತ್ತು ಎಂದೂ ಸೇರಿಸಿದರು. 2022ರ ಹೊಸ ವರ್ಷಕ್ಕೆ ಸರ್ ಪದವಿ.

ಇಷ್ಟಾದರೂ ಬ್ರಿಟನ್ನನ್ನು ಗೇಲಿ ಮಾಡಲು ನನಗೆ ಬಾಯಿ ಬರುವುದಿಲ್ಲ. ತಮ್ಮ ಪ್ರಧಾನಿಯ ಖಾಸಗಿ ಪತ್ರವನ್ನು ಅವರು ಅಚ್ಚುಹಾಕಿ ಊರ ಮುಂದೆ ಇಟ್ಟರು. ನಮ್ಮಲ್ಲಿ ಚೀನಾ ಎದುರಿನ 1962ರ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ 1963ರಲ್ಲಿ ಕೊಟ್ಟ ವರದಿ ಈಗಲೂ ಗುಪ್ತ ಕಡತ. ಅದೂ ಸೇನೆಯ ಕಾರ್ಯಾಚರಣೆಯ ಪರಿಶೀಲನೆ. ದೆಹಲಿಯ ನಾಯಕರು ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಏಗಲಾರದೆ 1959ರಲ್ಲೇ ರಾಜೀನಾಮೆ ಬರೆದು, ನೆಹರೂ ಮಾತಿಗೆ ಹಿಂತೆಗೆದುಕೊಂಡ ಆಗಿನ ಸೇನಾ ಮುಖ್ಯಸ್ಥ, ನಮ್ಮ ಕೊಡಗಿನ ತಿಮ್ಮಯ್ಯನವರ ಅನುಭವವನ್ನು ಯಾವ ಸಮಿತಿ ಕೇಳಿತು? ವಿರೋಧ ಪಕ್ಷದಲ್ಲಿದ್ದಾಗ ಬಿಡುಗಡೆ ಮಾಡಿ ಎಂದು ಕೂಗಿದವರು ಕುರ್ಚಿ ಸಿಕ್ಕಿದ ಮೇಲೆ ಸೂಕ್ಷ್ಮ ವಿಷಯ ಎಂದರು. ಓದಲೇಬೇಕೆಂದರೆ, 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತ ತನ್ನ ಜಾಲತಾಣದಲ್ಲಿ ಹಾಕಿದ ಅರೆಬರೆ ಪುಟಗಳೇ ನಮಗೆ ಗತಿ.