ಮತ್ತೆ ಆಯಿಲ್ ಲೀಕು
ನಮ್ಮ ಟ್ರ್ಯಾಕ್ಟರ್ ನಿಂತ ಕಡೆಯೆಲ್ಲ ಕಪ್ಪಗೆ ರುಜು ಹಾಕಿ ಬರುತ್ತದೆ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಹಿಂದಿನ ಆಯಿಲ್ ಸೀಲ್ ಹೋಗಿರುವುದು ಈ ವರ್ಷ ಎರಡನೇ ಸಲ. ಅಂಗೈಯಗಲದ ರಬ್ಬರ್ ಬಳೆ ಅಷ್ಟೇ. ಆದರೆ ಅದನ್ನು ಮುಟ್ಟಬೇಕೆಂದರೆ ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಿ ಕ್ಲಚ್, ಫ್ಲೈವೀಲ್ ಇಳಿಸಬೇಕು!

ಕೋಲಾರದ ಅಂಗಡಿಯಲ್ಲಿ "ಇದು ನೈಟ್ರೈಲಾ, ವಿಟಾನಾ?" ಅಂತ ಕೇಳಿದೆ. ನೈಟ್ರೈಲ್ ರಬ್ಬರ್ 100 ಡಿಗ್ರಿ ದಾಟಿದರೆ ಬರುಬರುತ್ತಾ ಗಟ್ಟಿಯಾಗಿ ಬಿರಿಯುತ್ತದೆ. ವಿಟಾನ್ 200ರವರೆಗೂ ತಡೆಯುತ್ತದೆ. "ಕರ್ರಗಿದೆಯಲ್ಲಣ್ಣ, ರಬ್ಬರೇ" ಅಂದ.

ಯಾಕೆ ತಲೆನೋವು ಅಂತ ಸುಮ್ನೆ ದುಬಾರಿಯದನ್ನೇ ತಂದೆ. ಎಲ್ಲ ಬಿಚ್ಚಿದ ಮೇಲೆ ಮೆಕ್ಯಾನಿಕ್ ಶಾಫ್ಟ್ ಮೇಲೆ ಉಗುರಾಡಿಸಿ, "ಇಲ್ಲಿ ಗೀರು ಬಿದ್ದಿದೆ, ಯಾವ ಸೀಲೂ ನಿಲ್ಲಲ್ಲ. ಗೀರು ಮುಚ್ಚೋ ತೆಳು ಲೋಹದ ಸ್ಲೀವ್ ಹಾಕಬೇಕು" ಅಂದ. ಹೋದ ಸಲ ಬಿಚ್ಚಿದಾಗ ಕಣ್ಣು ಎಲ್ಲಿತ್ತಪ್ಪಾ? ಮಂಡಿಗೆ ಹೋಗಬೇಕಾದ ಟೊಮೆಟೊ ಕ್ರೇಟುಗಳು ಬದುವಿನ ಮೇಲೇ ಕೂತಿವೆ.