ಬಣ್ಣಕ್ಕೆ ಮುಂಚೆ ಮರ ನೋಡಿದವರು

ಹೋದ ತಿಂಗಳು ಚಿಕ್ಕಪ್ಪ ಊರ ತೇರಿನ ಫೋಟೊ ಕಳಿಸಿದರು. ಜಾತ್ರೆಗೆ ಮುಂಚೆ ಗಡ್ಡೆಗೆಲ್ಲ, ಅಂದರೆ ತೇರಿನ ಕೆಳಗಿನ ಕೆತ್ತನೆಯ ಭಾಗಕ್ಕೆಲ್ಲ, ಎನಾಮಲ್ ಪೇಂಟ್ ಹೊಡೆಸಿದ್ದಾರೆ. ಚಿಕ್ಕವನಿದ್ದಾಗ ಬೆರಳಾಡಿಸಿ ಎಣಿಸುತ್ತಿದ್ದ ಆನೆಸಾಲು ಈಗ ದಪ್ಪ ನೀಲಿಯ ಅಡಿಗೆ ಸೇರಿದೆ. ದಂತ ಯಾವುದು, ಸೊಂಡಿಲು ಯಾವುದು ತಿಳಿಯದು. ಹೊಟ್ಟೆ ಉರಿಯಿತು.

ನಾನಿರುವುದು ಬೆಲ್ಜಿಯಂನ ಲುವೆನ್‌ನಲ್ಲಿ. ಆ ಭಾನುವಾರ ರೈಲು ಹತ್ತಿ ಬ್ರಸೆಲ್ಸ್‌ಗೆ ಹೋಗಿ, ಅಲ್ಲಿನ ಮ್ಯೂಸಿಯಂನಲ್ಲಿ ಶಿಲ್ಪಿ ಯಾನ್ ಬೋರ್ಮನ್ 1493ರಲ್ಲಿ ಕೆತ್ತಿದ ಸಂತ ಜಾರ್ಜನ ಕಥೆಯ ಮುಂದೆ ನಿಂತೆ. ನಮ್ಮಲ್ಲಿ ಪ್ರಭಾವಳಿ ಇರುವ ಜಾಗದಲ್ಲಿ, ಚರ್ಚಿನ ಬಲಿಪೀಠದ ಹಿಂದೆ ನಿಲ್ಲಿಸುವ ಕೆತ್ತನೆ ಇದು. ಲುವೆನ್‌ನ ಅಡ್ಡಬಿಲ್ಲುಗಾರರ ಸಂಘ ತನ್ನ ಪ್ರಾರ್ಥನಾಮಂದಿರಕ್ಕೆಂದು ಮಾಡಿಸಿದ್ದು. ಸುಮಾರು 5 ಮೀಟರ್ ಅಗಲ, ಏಳು ದೃಶ್ಯ, ಎಲ್ಲವೂ ಓಕ್ ಮರ. ಬಣ್ಣವಿಲ್ಲ. ಆದ್ದರಿಂದ ಭಟನ ಬೂಟಿನ ಸುಕ್ಕು, ಟೋಪಿಯಡಿಯಿಂದ ಇಣುಕುವ ಗುಂಗುರು ಕೂದಲು, ಉಳಿ ಎಳೆದ ಗೆರೆ ಎಲ್ಲವೂ ಹಾಗೇ ಕಾಣುತ್ತವೆ.

ಆಗಿನ ಕಸುಬಿನವರು ಗೊಂಬೆಯನ್ನು ತಲೆ-ಬುಡ ಎರಡೂ ಕಡೆ ಬಿಗಿದು, ಮಲಗಿಸಿ, ತಿರುಗಿಸುತ್ತ ಕೆತ್ತುತ್ತಿದ್ದರು. ಅದರ ತೂತು ಎಷ್ಟೋ ಗೊಂಬೆಗಳ ನೆತ್ತಿಯಲ್ಲಿ ಇಂದಿಗೂ ಉಳಿದಿದೆ. ಮರ ಸೀಳದಿರಲೆಂದು ದೊಡ್ಡವುಗಳ ಬೆನ್ನನ್ನು ಟೊಳ್ಳು ಮಾಡುತ್ತಿದ್ದರು. ಕಸುಬಿನವರ ಸಂಘದವರು ಮರ ಪರೀಕ್ಷಿಸಿ ಬ್ರಸೆಲ್ಸ್‌ನಲ್ಲಿ ಕೊಡತಿಯ ಮುದ್ರೆ, ಆಂಟ್ವರ್ಪ್‌ನಲ್ಲಿ ಕೈಯ ಮುದ್ರೆ ಒತ್ತುತ್ತಿದ್ದರು. ಬಣ್ಣದ ಕೆಲಸಕ್ಕೆ ಬೇರೆಯೇ ಮುದ್ರೆ. ಮರಕ್ಕೆ ಒಂದು ತಪಾಸಣೆ, ಬಣ್ಣಕ್ಕೆ ಇನ್ನೊಂದು! ನಮ್ಮ ಊರಲ್ಲಿ ಕಮಿಟಿ ಮೀಟಿಂಗ್ ಒಂದು ಸಂಜೆ ಮುಗಿಯಿತು, ಮಾರನೆಯ ದಿನ ಡಬ್ಬಿ ತೆರೆದರು. ಮರಗೆಲಸದ ಆಚಾರ್ರನ್ನು ಒಂದು ಮಾತು ಕೇಳಲಿಲ್ಲ.

ಬೋರ್ಮನ್‌ನ ಈ ಕೆತ್ತನೆಯಲ್ಲಿ 19ನೇ ಶತಮಾನದಲ್ಲಿ ಯಾರೋ ದೃಶ್ಯಗಳ ಕ್ರಮ ತಪ್ಪಿಸಿ ಜೋಡಿಸಿದ್ದರು. ಆ ತಪ್ಪನ್ನು 2018ರಿಂದ 2021ರವರೆಗೆ ನಡೆದ ದುರಸ್ತಿಯಲ್ಲಿ ಪತ್ತೆಹಚ್ಚಿ ಸರಿಪಡಿಸಿದರು. ಒಂದು ಕೆತ್ತನೆಗಾಗಿ ಅಷ್ಟು ವರ್ಷ ಕೂತವರನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಸಿಟ್ಟಿನಲ್ಲೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ತೇರು ಮಳೆ-ಬಿಸಿಲಲ್ಲಿ ನಿಲ್ಲುತ್ತೆ ಕಣೋ. ವರ್ಷಾ ವರ್ಷಾ ಎಣ್ಣೆ ಹಚ್ಚೋಕೆ ನೀನು ಬರ್ತೀಯಾ?" ಅಂದರು. ಉತ್ತರ ಕೊಡಲಾಗಲಿಲ್ಲ. ಈ ಕಡೆಯ ಬಹುಪಾಲು ಕೆತ್ತನೆಗಳೂ ಚಿನ್ನ-ಬಣ್ಣ ಹೊತ್ತವೇ, ಅದನ್ನೂ ಹೇಳಬೇಕು. ಬೋರ್ಮನ್ ತನ್ನ ಕೆತ್ತನೆಗೆ ಹೆಸರು ಹಾಕಿದ್ದಾನೆ, ಆದರೆ ಕೆಲಸಕ್ಕೆ ಹೆಸರು ಹಾಕುವುದನ್ನು ನಾವು ಇವರಿಂದ ಕಲಿಯಬೇಕಿಲ್ಲ. ಬೋರ್ಮನ್‌ಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಮುಂಚೆಯೇ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ಸೋಮನಾಥಪುರದ ಕಲ್ಲಿಗೆ ಹೆಸರು ಹಾಕಿದ್ದ. ಮತ್ತೆ, ಆ ಮ್ಯೂಸಿಯಂನಲ್ಲಿ ಸಂತ ಜಾರ್ಜನಿಗೆ ಕೈಮುಗಿದವರು ಒಬ್ಬರೂ ಕಾಣಲಿಲ್ಲ. ನಮ್ಮ ತೇರಿನ ಹಗ್ಗಕ್ಕೆ ಊರೇ ಕೈ ಹಾಕುತ್ತದೆ.

ಮುಂದಿನ ಜಾತ್ರೆಗೆ ಹದಿನೈದು ದಿನ ಮೊದಲೇ ಬರುತ್ತೇನೆ ಎಂದಿದ್ದೇನೆ. ಒಂದು ಆನೆಯ ಮೇಲಿನ ನೀಲಿಯನ್ನಾದರೂ ಆಚಾರ್ರ ಕೈಲಿ ತೆಗೆಸಿ ನೋಡಬೇಕು.